ಹತ್ತು ಶಿಲಿಂಗಿನ ಲೆಕ್ಕ

‘ಹೆಣ್ಣುಮಕ್ಕಳಿಗೇ ಆಟದಲ್ಲಿ ಆಸಕ್ತಿ ಇಲ್ಲ ಮೇಡಂ, ನಾವೇನು ಮಾಡೋಕಾಗುತ್ತೆ?’ ಇಪ್ಪತ್ತೆಂಟು ವರ್ಷದ ನನ್ನ ಮೇಷ್ಟರಿಕೆಯಲ್ಲಿ, ನಾಲ್ಕು ಊರುಗಳ ನಾಲ್ಕು ಶಾಲೆಗಳಲ್ಲಿ, ಈ ಮಾತನ್ನು ಕೇಳಿದ್ದೇನೆ. ಹೇಳುವವರು ಕೆಟ್ಟವರೇನಲ್ಲ. ಮೈದಾನದ ನಡುವೆ ಕ್ರಿಕೆಟ್ಟಿನ ಪಿಚ್ಚು ಮಾಡಿಸಿ, ಉಳಿದ ಜಾಗಕ್ಕೆ ಫುಟ್‌ಬಾಲಿನ ಹುಡುಗರನ್ನು ಬಿಟ್ಟು, ಹುಡುಗಿಯರನ್ನು ಧ್ವಜದ ಕಟ್ಟೆಯ ಸುತ್ತ ಕೂರಿಸುತ್ತಾರೆ. ಆಮೇಲೆ ಅವರಿಗೇ ಆಸಕ್ತಿ ಇಲ್ಲ ಎನ್ನುತ್ತಾರೆ. ಹೊರಗಿನಿಂದ ಚಿಲಕ ಹಾಕಿದವರು, ಒಳಗಿರುವವರಿಗೆ ಅಂಗಳಕ್ಕೆ ಬರುವ ಮನಸ್ಸೇ ಇಲ್ಲ ಎಂದು ಹೇಳಿದ ಹಾಗೆ. ಈ ಮಾತು ಸುಳ್ಳೆಂದು ನನಗೆ ಮೊದಲಿನಿಂದಲೂ ಗೊತ್ತು. ಆದರೆ ಗೊತ್ತಿದ್ದರೆ ಸಾಲದು, ಎದುರಿಗಿಡಲು ಒಂದು ದಾಖಲೆ ಬೇಕು. ಆ ದಾಖಲೆ ನನಗೆ ಸಿಕ್ಕಿದ್ದು ಇಂಗ್ಲೆಂಡಿನ ಪ್ರೆಸ್ಟನ್ ಎಂಬ ಊರಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆಯಲ್ಲಿ.

ಫುಟ್‌ಬಾಲಿಗೂ ಈ ಟೀಚರಿಗೂ ಎಲ್ಲಿಯ ಸಂಬಂಧ ಎಂದು ನೀವು ಕೇಳಬಹುದು. ನಾನು ಪಾಠ ಮಾಡುವುದು ಸಮಾಜ ವಿಜ್ಞಾನ. ಮೊದಲನೆಯ ಮಹಾಯುದ್ಧ ಬಂದಾಗ, ಗಂಡಸರು ರಣರಂಗಕ್ಕೆ ಹೋದರು, ಹೆಂಗಸರು ಕಾರ್ಖಾನೆಗಳಿಗೆ ಹೋದರು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದಕ್ಕೆ ಹೋಗುವುದು ನಮ್ಮೆಲ್ಲರ ರೂಢಿ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಯುದ್ಧ ಮುಗಿದ್ಮೇಲೆ ಅವರೆಲ್ಲಾ ಏನಾದ್ರು ಮಿಸ್?’ ಎಂದಳು. ಮನೆಗೆ ವಾಪಸು ಹೋದರು ಎಂದು ಹೇಳಿ ಕೂರಿಸಬಹುದಿತ್ತು. ಆದರೆ ಪ್ರಶ್ನೆ ಚೆನ್ನಾಗಿತ್ತು. ಅದರ ಉತ್ತರ ಹುಡುಕುತ್ತ ಹೋದಾಗ ಸಿಕ್ಕವರು ಡಿಕ್, ಕೆರ್ ಲೇಡೀಸ್. ಡಿಕ್ ಎಂಬ ಒಬ್ಬರು, ಕೆರ್ ಎಂಬ ಇನ್ನೊಬ್ಬರು ಸೇರಿ ಕಟ್ಟಿದ ಕಂಪನಿಯ ಹೆಸರು ಅದು. ನಡುವಿನ ಅಲ್ಪವಿರಾಮ ಬಿಟ್ಟರೆ ಇಬ್ಬರು ಒಬ್ಬರಾಗಿಬಿಡುತ್ತಾರೆ, ಅದನ್ನು ಮಾತ್ರ ಬಿಡಬೇಡಿ.

ಪ್ರೆಸ್ಟನ್ ಇರುವುದು ಲ್ಯಾಂಕಷೈರ್ ಸೀಮೆಯಲ್ಲಿ. ನಮ್ಮ ಕೈಮಗ್ಗದವರ ಹೊಟ್ಟೆಯ ಮೇಲೆ ಹೊಡೆದ ಗಿರಣಿ ಬಟ್ಟೆ ಬರುತ್ತಿದ್ದ ಸೀಮೆ ಎಂದರೆ ಬೇಗ ನೆನಪಾದೀತು. ಡಿಕ್, ಕೆರ್ ಕಂಪನಿ ಅಲ್ಲಿ ಟ್ರಾಮು ಬಂಡಿಗಳನ್ನು ತಯಾರಿಸುತ್ತಿತ್ತು. ಯುದ್ಧ ಬಂದಾಗ ಮದ್ದುಗುಂಡಿನ ಕೆಲಸ ಹಿಡಿಯಿತು. ಕೆಲಸಕ್ಕೆ ಹುಡುಗಿಯರು ಬಂದರು. 1917ರ ಅಕ್ಟೋಬರಿನಲ್ಲಿ, ಕಾರ್ಖಾನೆಯ ಹುಡುಗರ ತಂಡ ಸೋತು ಸೋತು ಸುಣ್ಣವಾಗಿದ್ದನ್ನು ಕಂಡು ಈ ಹುಡುಗಿಯರು ಗೇಲಿ ಮಾಡಿದರಂತೆ. ನಿಮಗಿಂತ ನಾವೇ ಚೆನ್ನಾಗಿ ಆಡುತ್ತೇವೆ ಎಂದರಂತೆ. ಹಾಗಾದರೆ ಬನ್ನಿ ಎಂದು ಅವರು, ಬಂದೆವು ಎಂದು ಇವರು. ಕಾರ್ಖಾನೆಯ ಕಚೇರಿಯಲ್ಲಿದ್ದ ಆಲ್‌ಫ್ರೆಡ್ ಫ್ರ್ಯಾಂಕ್‌ಲೆಂಡ್ ಎಂಬಾತ ಕಿಟಕಿಯಿಂದ ಇವರ ಆಟ ನೋಡಿ, ಇದರಲ್ಲಿ ಏನೋ ಇದೆ ಎಂದುಕೊಂಡ. ಮುಂದೆ ಅವನೇ ತಂಡದ ಮ್ಯಾನೇಜರನಾದ.

ಅದೇ ಹೊತ್ತಿಗೆ ಊರಿನ ಮೂರ್ ಪಾರ್ಕ್ ಆಸ್ಪತ್ರೆಯಲ್ಲಿ ಗಾಯಗೊಂಡ ಸೈನಿಕರು ತುಂಬಿದ್ದರು. ಅವರ ಸಹಾಯಾರ್ಥ ಒಂದು ಸಂಗೀತ ಕಾರ್ಯಕ್ರಮ ಮಾಡಿಕೊಡಿ ಎಂದು ಹುಡುಗಿಯರನ್ನು ಕೇಳಿದರು. ಹುಡುಗಿಯರೆಂದರೆ ಹಾಡಿಸಬೇಕು, ಕುಣಿಸಬೇಕು ಅಷ್ಟೇ ತಾನೇ! ನಮ್ಮ ವಾರ್ಷಿಕೋತ್ಸವಗಳಲ್ಲೂ ಬೇರೇನು ಮಾಡಿಸುತ್ತೇವೆ? ಈ ಹುಡುಗಿಯರು ಹಾಡಲಿಲ್ಲ. ಊರಿನ ಗಂಡಸರ ಕ್ಲಬ್ಬಿನ ಡೀಪ್‌ಡೇಲ್ ಮೈದಾನವನ್ನು ಬಾಡಿಗೆಗೆ ಹಿಡಿದು, 1917ರ ಕ್ರಿಸ್‌ಮಸ್ ದಿನ ಇನ್ನೊಂದು ಕಾರ್ಖಾನೆಯ ಹೆಂಗಸರ ಮೇಲೆ ಆಡಿ 4-0ಯಿಂದ ಗೆದ್ದರು. ಹತ್ತು ಸಾವಿರ ಜನ ನೋಡಿದರು. ಆಸ್ಪತ್ರೆಗೆ 200 ಪೌಂಡಿಗೂ ಹೆಚ್ಚು ಹಣ ಬಂತು.

ಅಲ್ಲಿಂದ ನಾಲ್ಕು ವರ್ಷ ಅವರದು ಏರುಗಾಲ. ಕಪ್ಪು ಬಿಳುಪು ಪಟ್ಟೆಯ ಜೆರ್ಸಿ, ನೀಲಿ ಚಡ್ಡಿ, ತಲೆಗೂದಲು ಕಟ್ಟಿಡಲು ಅದೇ ಪಟ್ಟೆಯ ಟೋಪಿ. ಮೊಣಕಾಲು ಕಾಣುವ ಚಡ್ಡಿಗೆ ಆ ಕಾಲದಲ್ಲಿ ಎಷ್ಟು ಮೂಗು ಮುರಿದಿರಬಹುದು ಎಂಬುದನ್ನು ಟ್ರ್ಯಾಕ್ ಪ್ಯಾಂಟಿಗೇ ಪೋಷಕರ ಸಭೆ ಕರೆಯಬೇಕಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 1920ರಲ್ಲಿ ಫ್ರಾನ್ಸಿನ ಹೆಂಗಸರ ತಂಡ ಬಂದು ಇವರ ಜತೆ ಆಡಿತು. ಅದೇ ವರ್ಷ ಇವರೂ ಫ್ರಾನ್ಸಿಗೆ ಹೋಗಿ ಬಂದರು. ಡಿಸೆಂಬರಿನಲ್ಲಿ ಒಂದು ರಾತ್ರಿ ಪಂದ್ಯಕ್ಕೆ, ಶತ್ರುವಿಮಾನ ಹುಡುಕಲೆಂದು ಇಟ್ಟಿದ್ದ ಸೇನೆಯ ದೀಪಗಳನ್ನೇ ತರಿಸಿಕೊಂಡರು. ಅದಕ್ಕೆ ಅನುಮತಿ ಕೊಟ್ಟವನು ಆಗ ಯುದ್ಧಮಂತ್ರಿಯಾಗಿದ್ದ ಚರ್ಚಿಲ್. ಕತ್ತಲಲ್ಲಿ ಕಾಣಲೆಂದು ಚೆಂಡಿಗೆ ಸುಣ್ಣ ಬಳಿದಿದ್ದರು.

ಮತ್ತೆ ಅದೇ ತಿಂಗಳ 26ರಂದು ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕಿನಲ್ಲಿ ಸೇಂಟ್ ಹೆಲೆನ್ಸ್ ಹೆಂಗಸರ ಮೇಲೆ ಪಂದ್ಯ. ಒಳಗೆ 53,000 ಜನ. ಜಾಗವಿಲ್ಲದೆ ಹೊರಗೇ ಉಳಿದವರು ಇನ್ನೂ ಹತ್ತು ಸಾವಿರಕ್ಕೆ ಕಡಿಮೆಯಿಲ್ಲ. ತಂಡದ ಮುಖ್ಯ ಗೋಲುಗಾರ್ತಿ ಫ್ಲಾರಿ ರೆಡ್‌ಫರ್ಡ್‌ಗೆ ರೈಲು ತಪ್ಪಿಹೋಯಿತು. ಹಿಂದೆ ನಿಂತು ಕಾಯುವ ನಾಯಕಿ ಆಲಿಸ್ ಕೆಲ್ ದ್ವಿತೀಯಾರ್ಧದಲ್ಲಿ ತಾನೇ ಮುಂದೆ ಬಂದು ಮೂರು ಗೋಲು ಹೊಡೆದಳು. 4-0. ಅಂದು ಯುದ್ಧದಿಂದ ಮರಳಿದ ಸೈನಿಕರ ನೆರವಿಗೆಂದು ಕೂಡಿದ ಹಣ 3,115 ಪೌಂಡು. ಹೆಂಗಸರ ಕ್ಲಬ್ ಪಂದ್ಯವೊಂದಕ್ಕೆ ಅದಕ್ಕಿಂತ ಹೆಚ್ಚು ಜನ ಸೇರಲು 2019ರವರೆಗೆ, ಸ್ಪೇನಿನ ಮ್ಯಾಡ್ರಿಡ್‌ವರೆಗೆ ಕಾಯಬೇಕಾಯಿತು. ತೊಂಬತ್ತೆಂಟು ವರ್ಷ! ‘ಹೆಂಗಸರ ಆಟ ಯಾರು ನೋಡ್ತಾರೆ?’ ಎಂದು ಕೇಳುವವರು ಈ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಲಿ.

ಈಗ ಹತ್ತು ಶಿಲಿಂಗಿನ ವಿಷಯಕ್ಕೆ ಬರುತ್ತೇನೆ. ಇವರು ಆಟವನ್ನೇ ಸಂಬಳದ ಕಸುಬು ಮಾಡಿಕೊಂಡವರಲ್ಲ. ಹಗಲೆಲ್ಲ ಕಾರ್ಖಾನೆಯಲ್ಲಿ ದುಡಿದು, ಸಂಜೆ ಅಭ್ಯಾಸ ಮಾಡಿ, ಶನಿವಾರವೋ ರಜೆಯ ದಿನವೋ ರೈಲು ಹಿಡಿದು ಪಂದ್ಯಕ್ಕೆ ಹೋಗುವವರು. 1921 ಒಂದೇ ವರ್ಷದಲ್ಲಿ 67 ಪಂದ್ಯ ಆಡಿದರು. ನೋಡಿದವರು ಹತ್ತಿರ ಹತ್ತಿರ ಒಂಬತ್ತು ಲಕ್ಷ ಜನ. ಕೆಲಸಕ್ಕೆ ಹೋಗದ ದಿನ ಕೂಲಿ ಇಲ್ಲ. ಆ ನಷ್ಟಕ್ಕೆಂದು ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ಶಿಲಿಂಗ್, ಅಂದರೆ ಅರ್ಧ ಪೌಂಡ್ ಕೊಡುತ್ತಿದ್ದರು. ಅರೆವೃತ್ತಿಪರ ಎಂಬ ದೊಡ್ಡ ಮಾತಿನ ಅರ್ಥ ಇಷ್ಟೇ. ಅದೇ ಕಾಲದಲ್ಲಿ ಗಂಡಸು ವೃತ್ತಿ ಆಟಗಾರನಿಗೆ ವಾರದ ಗರಿಷ್ಠ ಸಂಬಳ 9 ಪೌಂಡು. ಸಾವಿರಗಟ್ಟಲೆ ಪೌಂಡು ದಾನಕ್ಕೆ ಕೂಡಿಸಿಕೊಟ್ಟ ಹುಡುಗಿಯ ಪಾಲಿಗೆ ರೈಲಿನ ಓಡಾಟ, ಮೈಕೈ ನೋವು, ಮತ್ತೆ ಈ ಅರ್ಧ ಪೌಂಡು.

ಆ ಅರ್ಧ ಪೌಂಡು ಕಣ್ಣಿಗೆ ಬಿತ್ತು.

1921ರ ಡಿಸೆಂಬರ್ 5ರಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಘ ಒಂದು ನಿರ್ಣಯ ಮಾಡಿತು. ಅದರಲ್ಲಿ ಎರಡು ಮಾತಿತ್ತು. ಈ ಆಟ ಹೆಂಗಸರಿಗೆ ತಕ್ಕುದಲ್ಲ, ಉತ್ತೇಜಿಸಬಾರದು ಎಂಬುದು ಒಂದು. ಪಂದ್ಯಗಳಿಂದ ಬಂದ ಹಣದಲ್ಲಿ ದಾನಕ್ಕೆ ಹೋಗಬೇಕಾದ ಪಾಲು ಕಡಿಮೆಯಾಗಿ ಖರ್ಚಿನ ಪಾಲು ಅತಿಯಾಗಿದೆ ಎಂಬ ದೂರುಗಳಿವೆ ಎಂಬುದು ಇನ್ನೊಂದು. ಆದ್ದರಿಂದ ಸಂಘಕ್ಕೆ ಸೇರಿದ ಕ್ಲಬ್ಬುಗಳು ಹೆಂಗಸರ ಪಂದ್ಯಗಳಿಗೆ ಮೈದಾನ ಕೊಡಬಾರದು. ಹೆಂಗಸರು ಆಡಬಾರದು ಎಂದು ಎಲ್ಲಿಯೂ ಹೇಳಲಿಲ್ಲ, ಗಮನಿಸಿ. ಆಡಿಕೊಳ್ಳಿ, ಆದರೆ ಇಲ್ಲಿ ಬೇಡ! ಇಂಗ್ಲೆಂಡಿನಲ್ಲಿ ಜನ ಕೂರುವಂಥ ಒಳ್ಳೆಯ ಮೈದಾನಗಳೆಲ್ಲ ಆ ಕ್ಲಬ್ಬುಗಳ ಕೈಯಲ್ಲೇ ಇದ್ದವು. ಅಷ್ಟು ಹೊತ್ತಿಗೆ ದೇಶದಲ್ಲಿ ನೂರಕ್ಕೂ ಮಿಕ್ಕಿ ಹೆಂಗಸರ ತಂಡಗಳಿದ್ದವು. ಒಂದು ಸಭೆ, ಒಂದು ನಿರ್ಣಯ, ಅವಕ್ಕೆಲ್ಲ ಗೇಟು ಮುಚ್ಚಿತು.

ಮೊದಲ ಮಾತನ್ನು ಮೊದಲು ನೋಡೋಣ. ತಕ್ಕುದಲ್ಲ. ಯಾವಾಗಿನಿಂದ? 1917ರಲ್ಲಿ ಸಿಡಿಮದ್ದಿನ ಕೆಲಸ ಈ ಮೈಗೆ ತಕ್ಕುದಾಗಿತ್ತು. ರಾತ್ರಿ ಪಾಳಿ ತಕ್ಕುದಾಗಿತ್ತು. ಆಸ್ಪತ್ರೆಗೆ ಹಣ ಬೇಕಿದ್ದಾಗ ಇದೇ ಚೆಂಡು, ಇದೇ ಕಾಲು, ಇದೇ ಚಡ್ಡಿ ತಕ್ಕುದಾಗಿತ್ತು. ಯುದ್ಧ ಮುಗಿದು ಗಂಡಸರು ಊರಿಗೆ ಬಂದು ಅವರ ಲೀಗು ಸರಿಯಾಗಿ ನಡೆಯತೊಡಗಿದ ಮೇಲೆ ಹೆಣ್ಣಿನ ದೇಹ ಇದ್ದಕ್ಕಿದ್ದಂತೆ ಮೆತ್ತಗಾಯಿತೆ? ಅದೇ 1921ರಲ್ಲಿ ಗಣಿಗಳಿಗೆ ಬೀಗ ಬಿದ್ದು ಗಣಿ ಕೆಲಸಗಾರರ ಸಂಸಾರಗಳು ಉಪವಾಸ ಬಿದ್ದಿದ್ದವು. ಹೆಂಗಸರ ಎಷ್ಟೋ ಪಂದ್ಯಗಳ ಹಣ ಅವರಿಗೆ ಹೋಯಿತು. ಗಾಯಗೊಂಡ ಸೈನಿಕನಿಗೆ ಹಣ ಕೂಡಿಸಿದರೆ ಪುಣ್ಯಾತ್ಗಿತ್ತಿ, ಹಸಿದ ಕೂಲಿಯವನಿಗೆ ಕೂಡಿಸಿದರೆ ತಂಟೆಗಾರ್ತಿ. ದೊಡ್ಡವರ ಕಣ್ಣು ಕೆಂಪಾಗಲು ಇದೂ ಒಂದು ಕಾರಣವೆಂದು ಬರೆದವರಿದ್ದಾರೆ. ನನಗೂ ಅದು ನಂಬುವ ಮಾತೆಂದೇ ಅನ್ನಿಸುತ್ತದೆ.

ಆದರೆ ನನ್ನ ಹೊಟ್ಟೆ ಉರಿಸಿದ್ದು ಗಂಡಸರ ನಿರ್ಣಯಕ್ಕಿಂತ ಹೆಚ್ಚಾಗಿ ಒಬ್ಬ ಹೆಂಗಸಿನ ಮಾತು. ಲಂಡನ್ನಿನ ಹೆಸರಾಂತ ವೈದ್ಯೆ ಡಾ. ಮೇರಿ ಶಾರ್ಲೀಬ್, ಈ ಆಟ ಹೆಣ್ಣಿನ ದೇಹಕ್ಕೆ ಮಿತಿಮೀರಿದ್ದು, ತೀರಾ ಅನುಚಿತ ಎಂದು ಅಭಿಪ್ರಾಯ ಕೊಟ್ಟರು. ಯಾರು ಈ ಶಾರ್ಲೀಬ್? ಮದರಾಸಿಗೆ ಗಂಡನ ಜತೆ ಬಂದು, ಹೆರಿಗೆಯಲ್ಲಿ ನಮ್ಮ ಹೆಣ್ಣುಮಕ್ಕಳು ಸಾಯುವುದನ್ನು ಕಂಡು ನೊಂದು, 1875ರಲ್ಲಿ ಮದರಾಸು ಮೆಡಿಕಲ್ ಕಾಲೇಜಿಗೆ ಸೇರಿದ ಮೊದಲ ಹೆಂಗಸರಲ್ಲಿ ಒಬ್ಬರು! ಲಂಡನ್ನಿಗೆ ಹೋಗಿ ಮತ್ತೂ ಓದಿ, ಮರಳಿ ಬಂದು, 1885ರಲ್ಲಿ ಹೆಂಗಸರಿಗೆಂದೇ ಆಸ್ಪತ್ರೆ ತೆರೆದರು. ಗೋಷಾ ಆಸ್ಪತ್ರೆಯೆಂದು ಜನ ಕರೆದ ಅದು ಇಂದಿಗೂ ಚೆನ್ನೈನ ಟ್ರಿಪ್ಲಿಕೇನ್‌ನಲ್ಲಿ ಕಸ್ತೂರ್ಬಾ ಗಾಂಧಿ ಆಸ್ಪತ್ರೆಯಾಗಿ ನಡೆಯುತ್ತಿದೆ. ಆ ಮಹಾತಾಯಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಕೇಳಿಯೂ ಕೇಳುತ್ತೇನೆ: ಹೆಣ್ಣಿಗೆ ವೈದ್ಯವಿದ್ಯೆ ತಕ್ಕುದಲ್ಲ ಎಂಬ ಮಾತು ನಿಮ್ಮ ಕಾಲದಲ್ಲಿ ಎಲ್ಲ ಕಡೆಯೂ ಇತ್ತಲ್ಲವೇ, ತಾಯಿ? ಆ ಮಾತನ್ನು ದಾಟಿ ಬಂದವರು ನೀವು. ನೀವು ದಾಟಿದ ಹೊಸ್ತಿಲಿನಲ್ಲೇ ನಿಂತು ಮುಂದಿನವಳಿಗೆ ಅಡ್ಡ ಬರಬಹುದೇ?

ಇದು ನೂರು ವರ್ಷದ ಹಿಂದಿನ ಮಾತು ಮಾತ್ರವಲ್ಲ. ನಮ್ಮ ಶಾಲೆಗಳಲ್ಲಿ ಹುಡುಗಿಯರನ್ನು ಮೈದಾನದಿಂದ ಹಿಂದಕ್ಕೆ ಕರೆಯುವವರಲ್ಲಿ ಹೆಚ್ಚಿನವರು ಹೆಂಗಸರೇ. ಬಿಸಿಲಿಗೆ ಕಪ್ಪಾಗ್ತಾಳೆ ಎನ್ನುವ ತಾಯಿ. ಆ ಮೂರು ದಿನ ಅಭ್ಯಾಸಕ್ಕೆ ಕಳಿಸಬೇಡಿ ಎನ್ನುವ ಅಜ್ಜಿ. ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂತೆಂದು ಹುಡುಗಿಯರ ಆಟದ ಪೀರಿಯಡ್ಡನ್ನೇ ಗಣಿತಕ್ಕೆ ಕಿತ್ತುಕೊಳ್ಳುವ ನಮ್ಮ ಸಹೋದ್ಯೋಗಿ ಟೀಚರು. ಇವರೆಲ್ಲ ಓದಿ ನೌಕರಿ ಹಿಡಿದ ಹೆಂಗಸರು. ಇವರ ಅಜ್ಜಿಯರ ಕಾಲದಲ್ಲಿ ಹುಡುಗಿ ಶಾಲೆಗೆ ಹೋಗುವುದೂ ತಕ್ಕುದಾಗಿರಲಿಲ್ಲ.

ದೇಹಕ್ಕೆ ಅಪಾಯ ಎಂಬ ವಾದಕ್ಕೆ ಅಲ್ಲೇ ಒಳ್ಳೆಯ ಉತ್ತರವೂ ಸಿಕ್ಕಿತ್ತು. ನಿಷೇಧದ ಬೆನ್ನಿಗೇ ಫ್ರ್ಯಾಂಕ್‌ಲೆಂಡ್ ಕೆಲವು ವೈದ್ಯರನ್ನು ಪಂದ್ಯ ನೋಡಲು ಕರೆಸಿದ. ಅವರಲ್ಲಿ ಒಬ್ಬ ವೈದ್ಯೆ ಆಟ ನೋಡಿ, ಇಡೀ ದಿನ ಬಟ್ಟೆ ಒಗೆಯುವುದರಿಂದ ಆಗುವುದಕ್ಕಿಂತ ಹೆಚ್ಚಿನ ಪೆಟ್ಟು ಇದರಿಂದ ಆಗುವ ಹಾಗೆ ಕಾಣಲಿಲ್ಲ ಎಂದಳು. ಈ ಮಾತು ಓದಿ ನಾನು ಒಬ್ಬಳೇ ನಕ್ಕೆ. ಕೆರೆಯಿಂದ ಎರಡೆರಡು ಬಿಂದಿಗೆ ಹೊರುವುದು, ಒರಳಲ್ಲಿ ರುಬ್ಬುವುದು, ಕಂಬಳಿ ಜಮಖಾನೆ ಒಗೆದು ಹಿಂಡುವುದು, ಇವು ಹೆಣ್ಣಿನ ದೇಹಕ್ಕೆ ತಕ್ಕುದಲ್ಲವೆಂದು ಯಾವ ದೇಶದ ಯಾವ ಸಂಘವಾದರೂ ನಿರ್ಣಯ ಮಾಡಿದ್ದುಂಟೆ? ಮೈ ದಣಿಯುವುದಕ್ಕೆ ಯಾರದೂ ತಕರಾರಿಲ್ಲ. ದಣಿಯುವಾಗ ಅವಳು ನಗುತ್ತಿದ್ದರೆ ತಕರಾರು.

ಇನ್ನು ಎರಡನೆಯ ಮಾತು, ಲೆಕ್ಕದ್ದು. ನನಗೆ ಇದೇ ಮುಖ್ಯವೆನಿಸುತ್ತದೆ. ಲೆಕ್ಕ ಕೇಳಬಾರದೆಂದು ನಾನು ಹೇಳುವುದಿಲ್ಲ. ಸಾರ್ವಜನಿಕರ ಹಣ, ಕೇಳಲೇಬೇಕು. ಎಲ್ಲಾದರೂ ಯಾವುದಾದರೂ ಪಂದ್ಯದ ಲೆಕ್ಕ ಹೆಚ್ಚುಕಡಿಮೆ ಇದ್ದಿರಲೂಬಹುದು. ಹಾಗಿದ್ದರೆ ಲೆಕ್ಕಪರಿಶೋಧಕನನ್ನು ಕಳಿಸಬೇಕು. ಇವರು ಬೀಗ ಕಳಿಸಿದರು. ಗಂಡಸರಿಗೂ ಹೀಗೆಯೇ ಮಾಡಿದರೇ ಎಂದು ನೋಡಿದೆ. 1919ರಲ್ಲಿ ಲೀಡ್ಸ್ ಸಿಟಿ ಎಂಬ ಗಂಡಸರ ಕ್ಲಬ್ಬು ಯುದ್ಧಕಾಲದಲ್ಲಿ ಆಟಗಾರರಿಗೆ ನಿಯಮ ಮೀರಿ ಹಣ ಕೊಟ್ಟಿದೆಯೆಂಬ ಆರೋಪ ಬಂತು. ಲೆಕ್ಕದ ಪುಸ್ತಕ ಕೊಡಿ ಎಂದರೆ ಕೊಡಲಿಲ್ಲ. ಆ ಒಂದು ಕ್ಲಬ್ಬನ್ನು ಲೀಗಿನಿಂದ ಹೊರಗೆ ಹಾಕಿದರು. ಅದೇ ತಿಂಗಳು ಅದೇ ಊರಿನಲ್ಲಿ ಲೀಡ್ಸ್ ಯುನೈಟೆಡ್ ಎಂಬ ಹೊಸ ಕ್ಲಬ್ಬು ಹುಟ್ಟಿತು, ಇಂದಿಗೂ ಆಡುತ್ತಿದೆ. ಗಂಡಸರ ಫುಟ್‌ಬಾಲೇ ತಕ್ಕುದಲ್ಲ, ಯಾರಿಗೂ ಮೈದಾನ ಕೊಡಬೇಡಿ ಎಂದು ಯಾರೂ ಹೇಳಲಿಲ್ಲ. ಗಂಡಸು ತಪ್ಪಿದರೆ ಅವನೊಬ್ಬನ ತಪ್ಪು. ಹೆಂಗಸು ತಪ್ಪಿದಳೆಂಬ ಗುಮಾನಿ ಬಂದರೂ ಸಾಕು, ಅದು ಹೆಣ್ಣುಕುಲದ ತಪ್ಪು.

ನಾಯಕಿ ಆಲಿಸ್ ಕೆಲ್ ಇದಕ್ಕೆ ಕೊಟ್ಟ ಉತ್ತರ ನೇರವಾಗಿತ್ತು. ದುಡಿದು ತಿನ್ನುವ ಹುಡುಗಿಯರು ಕೈಯಿಂದ ಕಳೆದುಕೊಂಡು ಊರೂರು ಅಲೆದು ಆಡಲು ಹೇಗೆ ಸಾಧ್ಯ, ಕಳೆದುಹೋದ ಕೂಲಿಯನ್ನು ತುಂಬಿಕೊಟ್ಟರೆ ತಪ್ಪೇನು, ದಿನಕ್ಕೆ ಹತ್ತು ಶಿಲಿಂಗಿಗಿಂತ ಹೆಚ್ಚು ಯಾರೂ ಪಡೆದಿಲ್ಲ ಎಂದಳು. ಅವಳನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ದೇವಿಯ ಸ್ಥಾನದಲ್ಲಿ ಕೂರಿಸಿದವಳು ಬಸ್ ಚಾರ್ಜು ಕೇಳಿದರೆ ಭಕ್ತರಿಗೆ ಬೇಸರವಾಗುತ್ತದೆ.

ನಮ್ಮಲ್ಲಿ ಇದಕ್ಕೊಂದು ಚೆಂದದ ಹೆಸರಿದೆ. ಅಂಗನವಾಡಿ ಕಾರ್ಯಕರ್ತೆ ಬೆಳಗಿನಿಂದ ಮಕ್ಕಳನ್ನು ನೋಡಿಕೊಂಡು, ತೂಕ ಬರೆದು, ಊಟ ಹಂಚಿ, ಸರ್ವೆ ಎಂದರೆ ಸರ್ವೆ, ಚುನಾವಣೆ ಎಂದರೆ ಚುನಾವಣೆಯ ಕೆಲಸಕ್ಕೂ ಓಡುತ್ತಾಳೆ. ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಆಶಾ ಕಾರ್ಯಕರ್ತೆಗೆ ಪ್ರೋತ್ಸಾಹಧನ. ನಮ್ಮ ಶಾಲೆಯಲ್ಲಿ ಬಿಸಿಯೂಟ ಬೇಯಿಸುವವರಿಗೆ ಸಂಭಾವನೆ. ಗೌರವ, ಪ್ರೋತ್ಸಾಹ, ಸಂಭಾವನೆ, ಎಂಥ ಒಳ್ಳೊಳ್ಳೆಯ ಪದಗಳು ನೋಡಿ! ಸಂಬಳ ಎಂಬ ಒರಟು ಪದವನ್ನು ಮಾತ್ರ ಇವರ ಬಳಿ ಸುಳಿಯಗೊಡುವುದಿಲ್ಲ. ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯೆಲ್ಲ ರಸ್ತೆಯ ಮೇಲೆ ಮಲಗಿ ಆ ಪದವನ್ನು ಕೇಳಿದರೆ, ಸೇವೆ ಮಾಡುವವರಿಗೆ ಇಷ್ಟು ಹಣದಾಸೆ ಇರಬಾರದು ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಪ್ರೆಸ್ಟನ್ನಿನ ಹುಡುಗಿಯರಿಗೆ ಹೇಳಿದ್ದೂ ಅದನ್ನೇ.

ನನ್ನ ಕಣ್ಣೆದುರಿಗೆ ನಡೆದದ್ದು ಒಂದಿದೆ. ಹಿಂದೆ ನಾನಿದ್ದ ಒಂದು ಶಾಲೆಯಿಂದ ಹುಡುಗಿಯರ ಖೋಖೋ ತಂಡ ಜಿಲ್ಲಾ ಮಟ್ಟಕ್ಕೆ ಹೋಯಿತು. ಜತೆಗೆ ಹೋದವಳು ನಾನು. ಬಂದ ಮೇಲೆ ಖರ್ಚಿನ ಪಟ್ಟಿ ಕೊಟ್ಟೆ. ಬಸ್ ಚಾರ್ಜು, ಬಾಳೆಹಣ್ಣು, ಗ್ಲೂಕೋಸ್ ಪೊಟ್ಟಣ, ಒಂದು ಪ್ಯಾಕೆಟ್ ಸ್ಯಾನಿಟರಿ ಪ್ಯಾಡು. ಪಟ್ಟಿ ವಾಪಸು ಬಂತು. ಕೊನೆಯ ಬಾಬ್ತಿನ ಸುತ್ತ ಕೆಂಪು ಶಾಯಿಯ ಸುತ್ತು, ಪಕ್ಕದಲ್ಲಿ ‘ಇದು ಕ್ರೀಡಾ ಸಾಮಗ್ರಿ ಅಲ್ಲ’ ಎಂಬ ಟಿಪ್ಪಣಿ. ಅದೇ ತಿಂಗಳು ಹುಡುಗರ ಕ್ರಿಕೆಟ್ ತಂಡಕ್ಕೆ ಎರಡು ಡಜನ್ ಟೋಪಿ ಬಂದಿತ್ತು. ಟೋಪಿ ಕ್ರೀಡಾ ಸಾಮಗ್ರಿ. ಮೊತ್ತ ದೊಡ್ಡದಲ್ಲ, ನಾನೇ ಕೊಟ್ಟುಕೊಂಡೆ. ಆದರೆ ಆ ಪಟ್ಟಿಯನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಪ್ರೆಸ್ಟನ್ನಿನ ಕಥೆ ಓದುವಾಗ ಅದನ್ನು ತೆಗೆದು ಇನ್ನೊಮ್ಮೆ ನೋಡಿದೆ.

ನಿಷೇಧವಾದ ಮೇಲೆ ಡಿಕ್, ಕೆರ್ ತಂಡದವರು ಅಳುತ್ತ ಕೂರಲಿಲ್ಲ. ರಗ್ಬಿ ಮೈದಾನ, ಪಾರ್ಕು, ಹೊಲ, ಸಿಕ್ಕಲ್ಲಿ ಆಡಿದರು. 1922ರಲ್ಲಿ ಹಡಗು ಹತ್ತಿ ಕೆನಡಕ್ಕೆ ಹೊರಟರೆ ಅಲ್ಲಿನ ಸಂಘವೂ ಬೇಡವೆಂದಿತು. ಅಮೆರಿಕಕ್ಕೆ ಹೋಗಿ ಗಂಡಸರ ತಂಡಗಳ ಮೇಲೆಯೇ ಆಡಿದರು, ಕೆಲವನ್ನು ಗೆದ್ದರು ಕೂಡ. 1926ರಲ್ಲಿ ಫ್ರ್ಯಾಂಕ್‌ಲೆಂಡನಿಗೂ ಕಾರ್ಖಾನೆಯ ಹೊಸ ಒಡೆಯರಿಗೂ ಮನಸ್ತಾಪವಾಗಿ ಆ ಹೆಸರು ಹೋಯಿತು, ಪ್ರೆಸ್ಟನ್ ಲೇಡೀಸ್ ಎಂಬ ಹೆಸರಿನಲ್ಲಿ ಮುಂದುವರಿದರು.

ಇವರಲ್ಲೆಲ್ಲ ನನಗೆ ಇಷ್ಟವಾದವಳು ಲಿಲಿ ಪಾರ್. 1905ರಲ್ಲಿ ಹುಟ್ಟಿದ ಬಡವರ ಮನೆ ಹುಡುಗಿ, ಆರಡಿಯ ಆಳು. ಹದಿನಾಲ್ಕು ಹದಿನೈದರ ವಯಸ್ಸಿಗೇ ತಂಡಕ್ಕೆ ಬಂದಳು. ಎಡಗಾಲಿನ ಹೊಡೆತಕ್ಕೆ ಹೆಸರಾದವಳು. ಒಟ್ಟು ಒಂಬೈನೂರಕ್ಕೂ ಹೆಚ್ಚು ಗೋಲು ಹೊಡೆದಳೆಂದು ಲೆಕ್ಕ ಹಾಕಿದ್ದಾರೆ. ಹೊಟ್ಟೆಪಾಡಿಗೆ ವಿಟ್ಟಿಂಗ್‌ಹ್ಯಾಮ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಳು. ಮೂವತ್ತು ವರ್ಷ ಆಡಿದಳು. ಅಷ್ಟೂ ಕಾಲ ಹಗಲಿಗೋ ರಾತ್ರಿಗೋ ರೋಗಿಗಳ ಸೇವೆ, ಬಿಡುವಿನಲ್ಲಿ ಆಟ. 1978ರಲ್ಲಿ ತೀರಿಕೊಂಡಳು. 2002ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಮ್ಯೂಸಿಯಂ ತನ್ನ ಗೌರವಪಟ್ಟಿಯಲ್ಲಿ ಸೇರಿಸಿಕೊಂಡ ಮೊದಲ ಹೆಂಗಸು ಅವಳೇ. 2019ರಲ್ಲಿ ಅಲ್ಲಿ ಅವಳ ಕಂಚಿನ ಪ್ರತಿಮೆ ನಿಂತಿತು. ಬದುಕಿದ್ದಾಗ ಮೈದಾನ, ಸತ್ತ ಮೇಲೆ ಪ್ರತಿಮೆ ಎರಡನ್ನೂ ಕೊಟ್ಟಿದ್ದರೆ ಹೊಗಳಬಹುದಿತ್ತು. ನಿಷೇಧವನ್ನು ತೆಗೆದದ್ದು 1971ರಲ್ಲಿ, ಅರ್ಧ ಶತಮಾನದ ನಂತರ. ಸಂಘ ಕ್ಷಮೆ ಕೇಳಿದ್ದು 2008ರಲ್ಲಿ.

ಕ್ಲಬ್ಬಿನ ಒಟ್ಟು ಲೆಕ್ಕ ಹೀಗಿದೆ: ಆಡಿದ್ದು 828, ಗೆದ್ದದ್ದು 758, ಸಮ 46, ಸೋತದ್ದು 24. ನಾನು ಕೂಡಿ ನೋಡಿದೆ, ತಾಳೆಯಾಗುತ್ತದೆ. ನಿಷೇಧದ ನೆರಳಿನಲ್ಲಿ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬದುಕಿ 1965ರಲ್ಲಿ ಕ್ಲಬ್ಬು ಮುಚ್ಚಿತು. ಮುಚ್ಚಲು ಕಾರಣ ಆಟಗಾರ್ತಿಯರ ಕೊರತೆ. ಅಂದರೆ ಹೊಸ ಹುಡುಗಿಯರು ಸಿಗಲಿಲ್ಲ. ಈಗ ಹೇಳಿ, ಆಸಕ್ತಿ ಇರಲಿಲ್ಲವೇ? ಡೀಪ್‌ಡೇಲಿನಲ್ಲಿ ಹತ್ತು ಸಾವಿರ ಜನರ ನಡುವೆ ತನ್ನ ಪಕ್ಕದ ಮನೆಯ ಅಕ್ಕ ಆಡುವುದನ್ನು ಕಂಡ ಹುಡುಗಿಗೆ ಆಸಕ್ತಿ ಹುಟ್ಟುತ್ತದೆ. ಊರ ಹೊರಗಿನ ಹೊಲದಲ್ಲಿ ಯಾರೋ ಹತ್ತಾರು ಮಂದಿ ಕೆಸರಿನಲ್ಲಿ ಆಡುತ್ತಾರೆಂದು ಕೇಳಿದ ಹುಡುಗಿಗೆ ಎಲ್ಲಿಂದ ಹುಟ್ಟಬೇಕು? ಮೊದಲು ಮೈದಾನ ಕಿತ್ತುಕೊಂಡರು, ಎರಡು ತಲೆಮಾರು ಕಾದರು, ಆಮೇಲೆ ಆಸಕ್ತಿ ಒಣಗಿತು.

ನಮ್ಮ ದೇಶದ ಹೆಂಗಸರ ತಂಡ 1980ರಲ್ಲಿ ಮತ್ತು 1983ರಲ್ಲಿ ಏಷ್ಯಾ ಮಟ್ಟದಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತ್ತೆಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆಗ ನಾನೂ ಶಾಲೆಗೆ ಹೋಗುವ ಹುಡುಗಿ. ನಮಗೆ ಯಾರೂ ಹೇಳಲಿಲ್ಲ. 2023ರಲ್ಲಿ ನಮ್ಮ ಕರ್ನಾಟಕದ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಹುಡುಗಿಯರು ರಾಷ್ಟ್ರೀಯ ಲೀಗಿನ ಫೈನಲ್ಲಿಗೆ ಹೋದರು. ಫೈನಲ್ಲಿನಲ್ಲಿ ಕೇರಳದ ಗೋಕುಲಂ ತಂಡಕ್ಕೆ ಸೋತರು, ಸೋಲಲಿ. ಐಪಿಎಲ್ ಆಟಗಾರರ ಕೇಶಾಲಂಕಾರದವರೆಗೆ ಗೊತ್ತಿರುವ ನಮ್ಮ ಶಾಲೆಯ ಮಕ್ಕಳಲ್ಲಿ ಒಬ್ಬರಿಗೂ ಆ ಸುದ್ದಿ ಮುಟ್ಟಿರಲಿಲ್ಲ.

ಈ ವರ್ಷ ನಮ್ಮ ಶಾಲಾಭಿವೃದ್ಧಿ ಸಮಿತಿಗೆ ನಾನೊಂದು ಅರ್ಜಿ ಕೊಟ್ಟಿದ್ದೇನೆ. ಮಂಗಳವಾರ ಮತ್ತು ಶುಕ್ರವಾರ ಸಂಜೆ ನಾಲ್ಕೂವರೆಯಿಂದ ಐದೂವರೆ, ಇಡೀ ಮೈದಾನ ಹುಡುಗಿಯರಿಗೆ. ಮೂಲೆಯಲ್ಲ, ಇಡೀ ಮೈದಾನ. ಹುಡುಗರು ಆ ಎರಡು ದಿನ ಧ್ವಜದ ಕಟ್ಟೆಯ ಮೇಲೆ ಕುಳಿತು ನೋಡಬಹುದು, ಚಪ್ಪಾಳೆ ತಟ್ಟಿದರೆ ಬೇಡವೆನ್ನುವುದಿಲ್ಲ. ಅರ್ಜಿಯ ಜತೆ ಅಂದಾಜು ಖರ್ಚಿನ ಪಟ್ಟಿ ಇದೆ. ಎರಡು ಚೆಂಡು, ಹದಿನಾಲ್ಕು ಜೊತೆ ಬೂಟು, ಅಭ್ಯಾಸದ ನಂತರ ಕಡಲೆಕಾಯಿ ಚಿಕ್ಕಿ, ಹೊರಗಿನ ಪಂದ್ಯಕ್ಕೆ ಬಸ್ ಚಾರ್ಜು, ಸ್ಯಾನಿಟರಿ ಪ್ಯಾಡು. ಎಲ್ಲವನ್ನೂ ಕ್ರೀಡಾ ಸಾಮಗ್ರಿ ಎಂಬ ಒಂದೇ ಶೀರ್ಷಿಕೆಯ ಕೆಳಗೆ ಬರೆದಿದ್ದೇನೆ. ಬರುವ ಶನಿವಾರದ ಸಭೆಯ ವಿಷಯಪಟ್ಟಿಯಲ್ಲಿ ಅದು ಮೂರನೆಯದು, ನೀರಿನ ಟ್ಯಾಂಕಿನ ರಿಪೇರಿಯ ನಂತರ.